ಮಗಳು ಈ ಜೂನ್‌ಗೆ ಎಂಟನೇ ತರಗತಿ. ಹೈಸ್ಕೂಲಿನ ಮೂರು ವರ್ಷಕ್ಕೆ ಹೇಗೆ ತಯಾರಿ ಮಾಡಬೇಕು?

ನೀವು ಕೇಳಿರುವುದು ಇಷ್ಟು: ಹೊಸನಗರ ತಾಲ್ಲೂಕಿನ ಹಳ್ಳಿ, ಏಳರವರೆಗೆ ಊರಿನ ಸರ್ಕಾರಿ ಕನ್ನಡ ಶಾಲೆ. ಈಗ ಎಂಟಕ್ಕೆ ಶಿವಮೊಗ್ಗದ ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಿ ಹಾಸ್ಟೆಲ್‌ನಲ್ಲಿ ಬಿಡಬೇಕೇ, ನೀಟ್ ಫೌಂಡೇಶನ್ ಕೋಚಿಂಗ್ ಈಗಲೇ ಶುರು ಮಾಡಬೇಕೇ, ಇಲ್ಲಾ ಬಸ್ಸಲ್ಲಿ ಹೋಗಿಬರುವಷ್ಟು ದೂರದ ಸರ್ಕಾರಿ ಹೈಸ್ಕೂಲೇ ಸಾಕೇ.

ನಾನು ತೀರ್ಥಹಳ್ಳಿ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಹತ್ತಿರದ ಶಾಲೆಯಲ್ಲಿ ಗಣಿತಕ್ಕೂ ಇಂಗ್ಲಿಷಿಗೂ ಶಿಕ್ಷಕರಿದ್ದರೆ ಮಗಳನ್ನು ಅಲ್ಲೇ ಸೇರಿಸಿ. ಹಾಸ್ಟೆಲ್ಲಿಗೂ ಕೋಚಿಂಗಿಗೂ ಸುರಿಯುವ ದುಡ್ಡನ್ನು ಪಿಯುಸಿಗೆ ತೆಗೆದಿಡಿ. ಎಂಟನೇ ತರಗತಿಯ ಒಂದು ವರ್ಷವನ್ನು ಹಳೆಯ ಪಾಠಗಳ ಕೊರತೆ ತುಂಬುವುದಕ್ಕೇ ಅಂತ ಮೀಸಲಿಡಿ. ನನ್ನ ಉತ್ತರದ ಮುಖ್ಯ ಮಾತು ಈ ಕೊನೆಯದು.

ಎಂಟಕ್ಕೆ ಬಂದ ಮಕ್ಕಳ ಕೈಲಿ ಮೊದಲ ವಾರ ನಾನು ಹೊಸ ಪುಸ್ತಕ ತೆಗೆಸುವುದಿಲ್ಲ. ಬೋರ್ಡಿನ ಮೇಲೆ 1/2 + 1/3 ಅಂತ ಬರೆಯುತ್ತೇನೆ. ತರಗತಿಯ ಒಂದು ದೊಡ್ಡ ಪಾಲು 2/5 ಅಂತ ಬರೆಯುತ್ತದೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದರಾಯಿತು ಅಂತ ಅವರ ಲೆಕ್ಕ. ಆಗ ಕೇಳುತ್ತೇನೆ: ಅರ್ಧ ಲೀಟರ್ ಹಾಲಿಗೆ ಇನ್ನೂ ಸ್ವಲ್ಪ ಹಾಲು ಸುರಿದರೆ ಅರ್ಧ ಲೀಟರಿಗಿಂತ ಕಡಿಮೆ ಆಗುತ್ತದಾ? 2/5 ಅಂದರೆ ಅರ್ಧಕ್ಕಿಂತ ಕಡಿಮೆ ಅಲ್ಲವಾ? ಒಂದು ಕ್ಷಣ ಯಾರೂ ಮಾತಾಡುವುದಿಲ್ಲ, ಆಮೇಲೆ ಹಿಂದಿನ ಬೆಂಚಿನಿಂದ ಯಾರಾದರೂ ‘ಹೌದಲ್ಲ ಮಿಸ್’ ಅನ್ನುತ್ತಾರೆ. ಡೆಯ್ರಿಗೆ ದಿನಾ ಹಾಲು ಹಾಕಿ ಬರುವ ಮಕ್ಕಳು ಇವರು, ಅಳತೆ ಅವರ ಕೈಗೇ ಗೊತ್ತು. ಕಾಗದದ ಮೇಲಿನ ಲೆಕ್ಕಕ್ಕೂ ಆ ಅಳತೆಗೂ ಸಂಬಂಧ ಇದೆ ಅಂತ ಮಾತ್ರ ಯಾರೂ ತೋರಿಸಿರುವುದಿಲ್ಲ.

ಈ ಭಿನ್ನರಾಶಿ, ಋಣ ಸಂಖ್ಯೆ, ಶೇಕಡಾ, ಅನುಪಾತ, ಸರಳ ಸಮೀಕರಣ ಇವೆಲ್ಲ ಐದರಿಂದ ಏಳನೇ ತರಗತಿಯ ಪಾಠ. ಅಲ್ಲಿ ಉಳಿದ ಸಂದು ಎಂಟರಲ್ಲಿ ಬೀಜಗಣಿತಕ್ಕೆ ಬಂದಾಗ ಕಾಣುತ್ತದೆ, ಒಂಬತ್ತರಲ್ಲಿ ಬಹುಪದೋಕ್ತಿ ಬಂದಾಗ ಮಗು ಕೈಚೆಲ್ಲುತ್ತದೆ, ಹತ್ತರಲ್ಲಿ ‘ನನಗೆ ಗಣಿತ ಬರಲ್ಲ’ ಅಂತ ತೀರ್ಮಾನವೇ ಆಗಿಬಿಡುತ್ತದೆ. ವಿಜ್ಞಾನವೂ ಅದರ ಜೊತೆಗೇ ಹೋಗುತ್ತದೆ, ಯಾಕೆಂದರೆ ಒಂಬತ್ತರ ಚಲನೆಯ ಪಾಠದಲ್ಲಿ ಸಮೀಕರಣ ಬಿಡಿಸಲು ಬಾರದವರಿಗೆ ಭೌತಶಾಸ್ತ್ರ ಬಾಯಿಪಾಠದ ವಿಷಯ ಆಗಿಬಿಡುತ್ತದೆ. ಹತ್ತರಲ್ಲಿ ಟ್ಯೂಶನ್ ಹುಡುಕುವ ಹೊತ್ತಿಗೆ ಹಿಂದಕ್ಕೆ ಹೋಗಿ ಸರಿಪಡಿಸಲು ಸಮಯ ಇರುವುದಿಲ್ಲ. ಎಂಟರಲ್ಲಿ ಪಬ್ಲಿಕ್ ಪರೀಕ್ಷೆಯ ಒತ್ತಡ ಇಲ್ಲ, ಅದೇ ಅದರ ದೊಡ್ಡ ಲಾಭ. ಬೇಸಿಗೆ ರಜೆ ಮುಗಿಯುವುದರೊಳಗೆ ಆರು, ಏಳನೇ ತರಗತಿಯ ಗಣಿತ ಪುಸ್ತಕ ಮತ್ತೆ ತೆಗೆಸಿ. ದಿನಕ್ಕೆ ಅರ್ಧ ಗಂಟೆ ಸಾಕು. ಎಲ್ಲಿ ತಡವರಿಸುತ್ತಾಳೋ ಅಲ್ಲಿಗೊಂದು ಗುರುತು ಹಾಕಿಸಿ, ಆ ಪಟ್ಟಿಯನ್ನು ಜೂನ್‌ನಲ್ಲಿ ಗಣಿತದ ಶಿಕ್ಷಕರ ಕೈಗೆ ಕೊಡಿ. ಅಂಥ ಪಟ್ಟಿ ತಂದ ಪೋಷಕರನ್ನು ಯಾವ ಮೇಷ್ಟ್ರೂ ಮರೆಯುವುದಿಲ್ಲ.

ಈಗ ಶಿವಮೊಗ್ಗಕ್ಕೆ ಕಳಿಸುವ ವಿಷಯ. ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಲೆಕ್ಕ ಇದೆ. ಸಿಇಟಿ ಮೂಲಕ ವೃತ್ತಿಪರ ಕೋರ್ಸುಗಳ ಸೀಟು ಹಂಚುವಾಗ ಒಂದರಿಂದ ಹತ್ತರವರೆಗೆ ಪೂರ್ತಿ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇ 15, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲು ಇದೆ. ಹತ್ತು ವರ್ಷವೂ ಆಗಬೇಕು. ನಿಮ್ಮ ಮಗಳು ಏಳು ವರ್ಷ ಮುಗಿಸಿದ್ದಾಳೆ. ಎಂಟಕ್ಕೆ ಶಿವಮೊಗ್ಗದ ಇಂಗ್ಲಿಷ್ ಮೀಡಿಯಂಗೆ ಹೋದರೆ ಎರಡೂ ಒಟ್ಟಿಗೆ ಕೈಬಿಟ್ಟಂತೆ. ಊರಲ್ಲೇ ಮೂರು ವರ್ಷ ಓದಿದರೆ ಎರಡೂ ಉಳಿಯುತ್ತವೆ. ನೀವು ಡಾಕ್ಟರ್, ಇಂಜಿನಿಯರ್ ಕನಸಿಟ್ಟುಕೊಂಡೇ ಅವಳನ್ನು ಪೇಟೆಗೆ ಕಳಿಸಲು ಹೊರಟಿದ್ದೀರಿ, ಹಾಗೆ ಕಳಿಸುವುದರಿಂದ ಆ ದಾರಿಯಲ್ಲೇ ಒಂದು ಅನುಕೂಲ ಕಳೆದುಕೊಳ್ಳುತ್ತೀರಿ. ಇನ್ನೊಂದು ಸೂಕ್ಷ್ಮ ಇದೆ: ಲೆಕ್ಕಕ್ಕೆ ಬರುವುದು ಮನೆ ಎಲ್ಲಿದೆ ಅನ್ನುವುದಲ್ಲ, ಶಾಲೆ ಎಲ್ಲಿದೆ ಅನ್ನುವುದು. ಪಟ್ಟಣ ಪಂಚಾಯಿತಿ, ಪುರಸಭೆ ವ್ಯಾಪ್ತಿಯ ಶಾಲೆ ಗ್ರಾಮೀಣ ಆಗುವುದಿಲ್ಲ. ಹಾಗಾಗಿ ಹೊಸನಗರ ಪೇಟೆಯ ಹೈಸ್ಕೂಲೋ, ಗ್ರಾಮ ಪಂಚಾಯಿತಿ ವ್ಯಾಪ್ತಿಯ ಹೈಸ್ಕೂಲೋ ಅನ್ನುವುದೂ ಯೋಚಿಸಬೇಕಾದ ವಿಷಯವೇ. ಸೇರಿಸುವ ಮುಂಚೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಶಾಲೆಯ ಹೆಸರು ಹೇಳಿ ಕೇಳಿ ಖಚಿತ ಮಾಡಿಕೊಳ್ಳಿ.

ಮೀಸಲಾತಿ ಸಿಗುತ್ತದೆ ಅಂತ ಶಿಕ್ಷಕರೇ ಇಲ್ಲದ ಶಾಲೆಗೆ ಸೇರಿಸಿ ಅಂತ ನಾನು ಹೇಳುವುದಿಲ್ಲ. ಮಲೆನಾಡಿನ ಹೈಸ್ಕೂಲುಗಳಿಗೆ ವರ್ಗವಾಗಿ ಬಂದವರು ಬಯಲು ಸೀಮೆಗೆ ವಾಪಸ್ ಹೋಗಲು ನೋಡುತ್ತಾರೆ, ಹುದ್ದೆ ಖಾಲಿ ಉಳಿಯುತ್ತದೆ, ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ಅರ್ಧ ಮಳೆಗಾಲ ಕಳೆದಿರುತ್ತದೆ. ಮೇ ಕೊನೆಯಲ್ಲಿ ಶಾಲೆಗೆ ಹೋಗಿ ಹೆಡ್ಮಾಸ್ಟರ್ ಹತ್ತಿರ ನೇರ ಕೇಳಿ: ಗಣಿತಕ್ಕೆ ಯಾರು, ಇಂಗ್ಲಿಷಿಗೆ ಯಾರು, ಖಾಯಮ್ಮಾ ಅತಿಥಿಯಾ, ಹೋದ ವರ್ಷ ಅತಿಥಿ ಶಿಕ್ಷಕರು ಯಾವ ತಿಂಗಳು ಬಂದರು. ಪ್ರಯೋಗಾಲಯದ ಬಾಗಿಲು ತೆಗೆಸಿ ನೋಡಿ. ಬೀಕರಿನ ಮೇಲೆ ಧೂಳು ಕೂತಿದೆಯಾ, ಬಳಸಿದ ಗುರುತಿದೆಯಾ ಅಂತ ಕಣ್ಣಿಗೇ ಕಾಣುತ್ತದೆ. ಉತ್ತರ ಸಮಾಧಾನ ತರದಿದ್ದರೆ ಪಕ್ಕದ ಹೋಬಳಿಯ ಇನ್ನೊಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ನೋಡಿ. ಜೊತೆಗೆ ಸಂಜೆಯ ಬಸ್ಸಿನ ಹೊತ್ತೂ ವಿಚಾರಿಸಿ. ಜುಲೈ ಮಳೆಯಲ್ಲಿ ಕತ್ತಲಾದ ಮೇಲೆ ಕಾಡುದಾರಿಯಲ್ಲಿ ಹೆಣ್ಣುಮಗು ಒಬ್ಬಳೇ ನಡೆದು ಬರುವಂತಿದ್ದರೆ ಆ ಶಾಲೆ ಎಷ್ಟೇ ಚೆನ್ನಾಗಿರಲಿ, ಬೇಡ.

ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಎಂಟನೇ ತರಗತಿ ಓದುವವರಿಗೆ ಮಾತ್ರ ಸಿಗುವ ಇನ್ನೊಂದು ಅವಕಾಶ ಎನ್‌ಎಂಎಂಎಸ್ ಪರೀಕ್ಷೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ, ನಾಲ್ಕು ವರ್ಷಕ್ಕೆ 48,000. ಮನೆಯ ವಾರ್ಷಿಕ ಆದಾಯ 3.5 ಲಕ್ಷದೊಳಗಿರಬೇಕು, ಏಳರಲ್ಲಿ ಶೇ 55 ಅಂಕ ಬಂದಿರಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರಲ್ಲಿ ಶೇ 5 ರಿಯಾಯಿತಿ. ಬೌದ್ಧಿಕ ಸಾಮರ್ಥ್ಯದ್ದು ಒಂದು ಪತ್ರಿಕೆ, ಪಾಠಕ್ಕೆ ಸಂಬಂಧಿಸಿದ್ದು ಇನ್ನೊಂದು, ಎರಡಕ್ಕೂ ತಲಾ 90 ಪ್ರಶ್ನೆ, 90 ನಿಮಿಷ. ದುಡ್ಡು ಬರುವುದು ಬೇರೆ, ಅದಕ್ಕಿಂತ ನನಗೆ ಇಷ್ಟವಾಗುವುದು ಈ ಪರೀಕ್ಷೆಯ ತಯಾರಿಯಲ್ಲಿ ಏಳು, ಎಂಟರ ಗಣಿತ, ವಿಜ್ಞಾನ, ಸಮಾಜ ಪೂರ್ತಿ ಒಮ್ಮೆ ಉಜ್ಜಿದಂತಾಗುತ್ತದೆ ಅನ್ನುವುದು. ಫೌಂಡೇಶನ್ ಕೋಚಿಂಗ್ ಅಂತ ಮಾರುತ್ತಿರುವುದರ ಬದಲು ಇದಕ್ಕೆ ಕೂರಿಸಿ. ನೀಟ್‌ನ ಪಠ್ಯ ಪಿಯುಸಿಯ ಎರಡು ವರ್ಷದ್ದು. ಹದಿಮೂರರ ಮಗುವಿಗೆ ಅದನ್ನು ತುರುಕಿದರೆ ಓದಿನ ಮೇಲೆ ಜಿಗುಪ್ಸೆ ಬರುತ್ತದೆ, ಮೂಲ ಪಾಠ ಹಾಗೇ ಉಳಿಯುತ್ತದೆ. ಪಿಯುಸಿಯಲ್ಲಿ ದಣಿದು ಕೂತ ಮಕ್ಕಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಸ್ಟೆಲ್ ಬೇಕೇ ಬೇಕು ಅನ್ನಿಸಿದರೆ ಗಾಜನೂರಿನಲ್ಲಿ ಕೇಂದ್ರ ಸರ್ಕಾರದ ವಸತಿ ಶಾಲೆ ನವೋದಯ ಇದೆ. ಎಂಟರಲ್ಲಿ ಓದುತ್ತಿರುವಾಗ ಒಂಬತ್ತಕ್ಕೆ ಪ್ರವೇಶ ಪರೀಕ್ಷೆ ಬರೆಯಬಹುದು, ಖಾಲಿ ಸೀಟು ಮಾತ್ರ ಕಡಿಮೆ.

ಇಂಗ್ಲಿಷ್ ಬಗ್ಗೆ ನಿಮ್ಮ ಭಯ ಸುಳ್ಳಲ್ಲ. ಪಿಯುಸಿ ವಿಜ್ಞಾನ ಇಂಗ್ಲಿಷಿನಲ್ಲೇ ನಡೆಯುತ್ತದೆ, ಕನ್ನಡ ಮಾಧ್ಯಮದಿಂದ ಹೋದ ಮಕ್ಕಳು ಮೊದಲ ಮೂರು ನಾಲ್ಕು ತಿಂಗಳು ಕ್ಲಾಸಿನಲ್ಲಿ ಸುಮ್ಮನೆ ಕೂತಿರುತ್ತಾರೆ. ಇದಕ್ಕೆ ಮಾಧ್ಯಮ ಬದಲಿಸಬೇಕಾಗಿಲ್ಲ, ಮೂರು ವರ್ಷ ಸ್ವಲ್ಪ ಸ್ವಲ್ಪವೇ ತಯಾರಾದರೆ ಸಾಕು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಅದೇ ತರಗತಿಯ ಇಂಗ್ಲಿಷ್ ಮಾಧ್ಯಮದ ಗಣಿತ, ವಿಜ್ಞಾನ ಪುಸ್ತಕಗಳು ಪಿಡಿಎಫ್ ಆಗಿ ಪುಕ್ಕಟೆ ಸಿಗುತ್ತವೆ. ಪಾಠಗಳು ಒಂದೇ. ಕನ್ನಡದಲ್ಲಿ ಪಾಠ ಅರ್ಥವಾದ ಮೇಲೆ ಅದೇ ಪಾಠವನ್ನು ಇಂಗ್ಲಿಷಿನಲ್ಲಿ ಒಮ್ಮೆ ಗಟ್ಟಿಯಾಗಿ ಓದಲಿ. ಒಂದು ನೋಟ್‌ಬುಕ್‌ನಲ್ಲಿ ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ ಬರೆದುಕೊಳ್ಳಲಿ, ಪಕ್ಕದಲ್ಲಿ ಚಿತ್ರವೋ ಲೆಕ್ಕವೋ ಇರಲಿ. ಹತ್ತು ಮುಗಿಯುವ ಹೊತ್ತಿಗೆ ಪಿಯುಸಿಯಲ್ಲಿ ಬೇಕಾಗುವ ಪದಗಳ ಬಹುಪಾಲು ಕೈಯಲ್ಲಿರುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ವಾರಕ್ಕೊಮ್ಮೆ ಕರೆದುಕೊಂಡು ಹೋಗಿ, ಕನ್ನಡ ಪುಸ್ತಕಗಳನ್ನೂ ಧಾರಾಳ ಓದಲಿ. ಕನ್ನಡದಲ್ಲಿ ಒಂದು ಪ್ಯಾರಾ ಓದಿ ಅದರ ಸಾರ ಹೇಳಲು ಬಾರದ ಮಗುವಿಗೆ ಇಂಗ್ಲಿಷಿನಲ್ಲೂ ಅದು ಬರುವುದಿಲ್ಲ.

ನಮ್ಮ ಕಡೆಯ ಓದಿನ ವೇಳಾಪಟ್ಟಿ ಪೇಟೆಯವರ ಹಾಗೆ ಮಾಡಲಾಗದು. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟ್ ನಂಬುವಂತಿಲ್ಲ, ಮೊಬೈಲ್ ಸಿಗ್ನಲ್ ಗುಡ್ಡ ಹತ್ತಿದರೆ ಸಿಕ್ಕಿತು, ಮಳೆ ರಜೆ ಕೊಟ್ಟರೆ ಆಮೇಲೆ ಶನಿವಾರ ಭಾನುವಾರ ಸೇರಿಸಿ ಪಾಠ ಓಡಿಸುತ್ತಾರೆ. ಮಳೆ ರಜೆಯ ದಿನ ಪುಸ್ತಕ ಮತ್ತು ಲೆಕ್ಕದ ಕೆಲಸ ಇಟ್ಟುಕೊಳ್ಳಿ, ವಿಡಿಯೊ ಬೇಕಾದರೆ ಕರೆಂಟ್ ಇದ್ದಾಗಲೇ ಡೌನ್‌ಲೋಡ್ ಮಾಡಿಡಿ. ಆಮೇಲೆ ಅಡಿಕೆ ಕೊಯ್ಲು. ರಾತ್ರಿ ಸುಲಿಯಲು ಮನೆಯವರ ಜೊತೆ ಮಕ್ಕಳೂ ಕೂರುತ್ತಾರೆ. ಅದು ತಪ್ಪು ಅಂತ ನಾನೆಂದೂ ಹೇಳುವುದಿಲ್ಲ, ಕೆಲಸ ಬಲ್ಲ ಮಗು ಕ್ಲಾಸಿನಲ್ಲೂ ಚುರುಕು. ಎಂಟರಲ್ಲಿ ಕೂರಲಿ. ಒಂಬತ್ತರಲ್ಲಿ ರಜಾದಿನಕ್ಕೆ ಮಾತ್ರ ಇರಲಿ. ಹತ್ತರಲ್ಲಿ ಕೊಯ್ಲಿನ ಬೆನ್ನಿಗೇ ಪೂರ್ವಸಿದ್ಧತಾ ಪರೀಕ್ಷೆ ಬರುತ್ತದೆ, ಆ ವರ್ಷ ಅವಳನ್ನು ಬಿಟ್ಟುಬಿಡಿ, ಒಬ್ಬ ಆಳು ಹೆಚ್ಚು ಬೇಕಾದರೂ ಸರಿ.

ಎಸ್‌ಎಸ್‌ಎಲ್‌ಸಿ ಬಗ್ಗೆ ಈಗ ಇಷ್ಟು ಗೊತ್ತಿದ್ದರೆ ಸಾಕು: ಒಟ್ಟು 625 ಅಂಕ, ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100. ಅದರಲ್ಲಿ ಪ್ರಥಮ ಭಾಷೆಗೆ 25, ಮಿಕ್ಕವಕ್ಕೆ 20 ಆಂತರಿಕ ಅಂಕ. ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಅವಕಾಶ ಇರುವುದರಿಂದ ಒಮ್ಮೆ ಎಡವಿದರೆ ವರ್ಷ ಹೋಯಿತು ಅನ್ನುವ ಭಯವೂ ಇಲ್ಲ. ಒಂಬತ್ತನ್ನು ಮಾತ್ರ ಹಗುರವಾಗಿ ತಗೊಳ್ಳಬೇಡಿ. ಪ್ರಮೇಯ ಸಾಧಿಸುವುದು, ಚಲನೆಯ ನಿಯಮ, ಪರಮಾಣು, ರಾಸಾಯನಿಕ ಸೂತ್ರ ಎಲ್ಲ ಗಟ್ಟಿಯಾಗಿ ಬರುವುದು ಅಲ್ಲಿ. ಹತ್ತರ ರೇಖಾಗಣಿತ ನಿಂತಿರುವುದೇ ಒಂಬತ್ತರ ತ್ರಿಭುಜಗಳ ಮೇಲೆ.

ಹತ್ತಾದ ಮೇಲೆ ಏನು ಅನ್ನುವುದನ್ನು ಈಗಲೇ ನಿಗದಿ ಮಾಡಬೇಡಿ, ದಾರಿಗಳನ್ನು ಮಾತ್ರ ತೋರಿಸುತ್ತಿರಿ. ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದು. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ, ತೋಟದ ಮನೆಯ ಮಗಳನ್ನು ಒಂದು ದಿನ ಕರೆದುಕೊಂಡು ಹೋಗಿ ಹೊರಗಿನಿಂದಾದರೂ ತೋರಿಸಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಶಿವಮೊಗ್ಗದ ಮೆಡಿಕಲ್ ಕಾಲೇಜು ಎಲ್ಲ ಇದೇ ಜಿಲ್ಲೆಯಲ್ಲಿವೆ.

ಕೊನೆಗೆ ದಾಖಲೆ ವಿಷಯ. ಏಳನೇ ತರಗತಿಯ ಟಿಸಿ ತಗೊಳ್ಳುವಾಗ ಮಗಳ ಹೆಸರು, ತಂದೆ ತಾಯಿ ಹೆಸರು, ಹುಟ್ಟಿದ ತಾರೀಖು ಎಲ್ಲವನ್ನೂ ಆಧಾರ್ ಮತ್ತು ಜನನ ಪ್ರಮಾಣಪತ್ರದ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ, ಇಂಗ್ಲಿಷ್ ಸ್ಪೆಲ್ಲಿಂಗ್ ಮತ್ತು ಇನಿಶಿಯಲ್ ಸೇರಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋಗುವುದು ಇದೇ ಹೆಸರು, ಅಚ್ಚಾದ ಮೇಲೆ ತಿದ್ದಿಸಲು ಅಲೆದಾಟ ತಪ್ಪಿದ್ದಲ್ಲ. ಎನ್‌ಎಂಎಂಎಸ್‌ಗೆ ಬೇಕಾಗುವ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಜೂನ್‌ನಲ್ಲೇ ಅರ್ಜಿ ಹಾಕಿಬಿಡಿ, ಮಳೆ ಜೋರಾದ ಮೇಲೆ ಸರ್ವರ್ ಸಿಕ್ಕಿದ ದಿನ ಕರೆಂಟ್ ಇರುವುದಿಲ್ಲ. ಶಾಲೆ ನೋಡಿಬಂದ ಮೇಲೆ ಏನಾದರೂ ಅನುಮಾನ ಉಳಿದರೆ ಇಲ್ಲೇ ಬರೆಯಿರಿ, ಉತ್ತರಿಸುತ್ತೇನೆ.