ಚೈನ್ ಮುಟ್ಟಿದರೆ ಸಾಕು, ನಾಯಿ ಕುಣಿಯೋಕೆ ಶುರು. ಏನು ಮಾಡೋದು?

ಹೊರಗೆ ಸುತ್ತಾಡಿಸೋಕೆ ಅಂತ ಚೈನ್ ಕೈಗೆತ್ತಿಕೊಂಡ ಕೂಡಲೇ ನಿಮ್ಮ ನಾಯಿ ಬೊಗಳಿ, ಮೈಮೇಲೆ ಹಾರಿ, ಬೆಲ್ಟ್ ಹಾಕಲೂ ಬಿಡಲ್ಲ ಅಂತ ಕೇಳಿದ್ದೀರಿ. ನಮ್ಮನೆ ಕೆಂಚನದ್ದೂ ಇದೇ ಕಥೆಯಾಗಿತ್ತು. ಬೀದಿಯಿಂದ ತಂದು ಸಾಕಿದ ನಾಯಿ. ಅವನ ಹಾರಾಟಕ್ಕೆ ನನ್ನ ಕನ್ನಡಕ ಒಡೆದ ಮೇಲೆ ನನಗೆ ಬುದ್ಧಿ ಬಂತು.

ತಪ್ಪು ನನ್ನದೇ. ಅವನು ಕುಣಿದಷ್ಟೂ ನಾನು "ಬಂದೆ ಕಣೋ, ತಡಿ" ಅಂತ ಗಡಿಬಿಡಿಯಲ್ಲಿ ಚೈನ್ ಸಿಕ್ಕಿಸಿ ಬಾಗಿಲು ತೆಗೀತಿದ್ದೆ. ಕುಣಿದರೆ ಬಾಗಿಲು ತೆರೆಯುತ್ತೆ ಅಂತ ಅವನು ಕಲಿತಿದ್ದ, ಅಷ್ಟೇ.

ಮೊದಲು ಚೈನಿನ ಸದ್ದಿಗೆ ಇದ್ದ ಅರ್ಥ ಕೆಡಿಸಿದೆ. ರಷ್ಯಾದ ವಿಜ್ಞಾನಿ ಪಾವ್ಲೋವ್‌ನ ಪ್ರಯೋಗದಲ್ಲಿ ನಾಯಿಗಳು ಊಟದ ಮುನ್ಸೂಚನೆ ಸಿಕ್ಕರೇ ಜೊಲ್ಲು ಸುರಿಸುತ್ತಿದ್ದವಲ್ಲ, ಆಮೇಲೆ ಊಟ ಕೊಡದೆ ಬರೀ ಸೂಚನೆ ಕೊಡುತ್ತಾ ಹೋದಾಗ ಜೊಲ್ಲೂ ಕಡಿಮೆಯಾಯಿತು. ಅದೇ ಉಪಾಯ. ದಿನಕ್ಕೆ ಏಳೆಂಟು ಸಲ ಚೈನ್ ಕೈಗೆತ್ತಿಕೊಂಡು ಅಡುಗೆಮನೆಗೆ ಹೋಗಿ ಕಾಫಿ ಮಾಡಿಕೊಂಡೆ. ಚಪ್ಪಲಿ ಮೆಟ್ಟಿ ಸೋಫಾ ಮೇಲೆ ಕೂತೆ. ಮನೆಯವರು ನನಗೇ ಏನೋ ಆಗಿದೆ ಅಂದುಕೊಂಡರು. ಒಂದು ವಾರ ಕಳೆಯೋದರೊಳಗೆ ಚೈನ್ ಸದ್ದಾದರೂ ಕೆಂಚ ತಲೆ ಮಾತ್ರ ಎತ್ತುತ್ತಿದ್ದ.

ನಿಜವಾಗಿ ಹೊರಡುವಾಗ ಬೇರೆ ಆಟ. ಹಾರಿದನಾ, ಚೈನ್ ವಾಪಸ್ ಮೊಳೆಗೆ. ಬೈಗುಳವಿಲ್ಲ, ಮಾತಿಲ್ಲ, ಮುಖವನ್ನೂ ನೋಡಬಾರದು. ಬೈಗುಳವೂ ಅವನಿಗೆ ಮಾತಾಡಿಸಿದ ಹಾಗೇ. ನಾಲ್ಕೂ ಕಾಲು ನೆಲಕ್ಕೆ ಬಂದ ಮೇಲೆ ಮತ್ತೆ ತೆಗೆಯೋದು. ಬಾಗಿಲ ಹತ್ತಿರವೂ ಹಾಗೇ, ನುಗ್ಗಿದರೆ ಮುಚ್ಚೋದು. ಮೊದಲ ದಿನ ಇಪ್ಪತ್ತು ನಿಮಿಷ ಹಿಡಿಯಿತು. ಆಫೀಸಿನ ಅವಸರವಿರುವ ಬೆಳಿಗ್ಗೆ ಶುರು ಮಾಡಬೇಡಿ, ಭಾನುವಾರ ಇಟ್ಟುಕೊಳ್ಳಿ.

ಮೂರ್ನಾಲ್ಕನೇ ದಿನ ಕುಣಿತ ಇನ್ನೂ ಜಾಸ್ತಿಯಾಗಬಹುದು. ಕೆಂಚ ಊಳಿಟ್ಟು ಪಕ್ಕದ ಮನೆಯವರನ್ನೂ ಎಬ್ಬಿಸಿದ್ದ. ಹಳೇ ಉಪಾಯ ಕೆಲಸ ಮಾಡದಾಗ ಇನ್ನೂ ಜೋರಾಗಿ ಮಾಡಿ ನೋಡೋದು ನಾಯಿಗಳ ಸ್ವಭಾವ. ಆವತ್ತು ಸೋತು ಬಾಗಿಲು ತೆಗೆದರೆ, ಊಳಿಟ್ಟರೆ ಕೆಲಸ ಆಗುತ್ತೆ ಅಂತ ಕಲಿಸಿದ ಹಾಗಾಗುತ್ತೆ. ಮನೆಯವರೆಲ್ಲರಿಗೂ ಇದನ್ನು ಹೇಳಿಡಿ. ನಮ್ಮಲ್ಲಿ ಅಜ್ಜಿಯೇ ಎರಡು ಸಲ ಕರಗಿಹೋದರು.

ಆದರೆ ಒಂದು ಮಾತು. ಬೆಳಗಿನಿಂದ ಕಟ್ಟಿಹಾಕಿ ಸಂಜೆ ಹತ್ತು ನಿಮಿಷ ಮಾತ್ರ ಬಿಟ್ಟರೆ ಯಾವ ನಾಯಿಯೂ ಸುಮ್ಮನಿರಲ್ಲ. ಬೀದಿಯಲ್ಲಿ ಎಳೆದಾಡದೆ ಸಾವಕಾಶವಾಗಿ ಮೂಸಿಕೊಂಡು ಓಡಾಡಲು ಬಿಡಿ.

ಈಗಲೂ ಜಡಿಮಳೆ ಹಿಡಿದು ಎರಡು ದಿನ ಹೊರಗೆ ಹೋಗದಿದ್ದರೆ ಮೂರನೇ ದಿನ ಕೆಂಚ ಎಲ್ಲ ಮರೆತು ಹಾರುತ್ತಾನೆ. ನಾನು ಕನ್ನಡಕ ತೆಗೆದಿಟ್ಟು, ಚೈನನ್ನು ಮತ್ತೆ ಮೊಳೆಗೆ ಸಿಕ್ಕಿಸುತ್ತೇನೆ.