ಉತಮಾರೊನ ಸಹಿ ಬಿಡಿ, ಹಾಳೆಯ ಬೆನ್ನು ನೋಡಿ

ಪ್ರಶ್ನೆ: ಆನ್‌ಲೈನ್ ಹರಾಜಿನಲ್ಲಿ ಉತಮಾರೊನ ಸುಂದರಿಯ ಚಿತ್ರ ಕೊಂಡೆ. ಸಹಿ, ಮುದ್ರೆ ಎರಡೂ ಇವೆ. ಅಸಲಿ ತಾನೆ?

ಮತ್ತದೇ ಸಹಿ! ಉತಮಾರೊನಂಥ ಹಳೆಯ ಜಪಾನೀ ಕಲಾವಿದರ ಈ ಮರದಚ್ಚಿನ ಚಿತ್ರಗಳಲ್ಲಿ ಸಹಿಯನ್ನೂ ಚೆರ್ರಿ ಮರದ ಹಲಗೆಯಲ್ಲೇ ಕೆತ್ತಿರುತ್ತಾರೆ. ಹಲಗೆ ನಕಲಾದರೆ ಸಹಿ, ಸೆನ್ಸಾರ್ ಮುದ್ರೆ ಎಲ್ಲವೂ ನಕಲು.

ಹತ್ತು ಪಟ್ಟಿನ ಭೂತಗನ್ನಡಿ ಹಿಡಿಯಿರಿ. ಚುಕ್ಕಿಗಳ ಜಾಲ ಕಂಡರೆ ಅದು ಆಫ್‌ಸೆಟ್, ಅಂದರೆ ಯಂತ್ರದ ಮುದ್ರಣ. ವಿಷಯ ಅಲ್ಲಿಗೆ ಮುಗಿಯಿತು. ಕಾಣದಿದ್ದರೆ ಹಾಳೆ ಮಗುಚಿ. ಬಣ್ಣ ಬಳಿದ ಹಲಗೆಯ ಮೇಲೆ ತೇವದ ಕಾಗದ ಹಾಸಿ, ಬಾರೆನ್ ಎಂಬ ದುಂಡನೆಯ ಬಿಲ್ಲೆಯಿಂದ ಬೆನ್ನು ಉಜ್ಜುತ್ತಾರೆ. ಹಾಗಾಗಿ ಬಣ್ಣ ಹಿಂದಕ್ಕೆ ಇಣುಕಿರಬೇಕು, ಉಜ್ಜಿದ ಸುತ್ತುಗೀರುಗಳೂ ಕಾಣಬಹುದು. ರಟ್ಟಿಗೆ ಅಂಟಿಸಿದ್ದರೆ ಕೀಳಲು ಹೋಗಬೇಡಿ.

ಇನ್ನು ಬಣ್ಣ. ಉತಮಾರೊ ತೀರಿಕೊಂಡದ್ದು 1806ರಲ್ಲಿ. ಕಣ್ಣು ಕುಕ್ಕುವ ಅನಿಲಿನ್ ಎಂಬ ರಾಸಾಯನಿಕ ಬಣ್ಣಗಳ ನೇರಳೆ, ಕೆಂಪು ಜಪಾನಿಗೆ ಬಂದದ್ದು 1860ರ ದಶಕದಲ್ಲಿ. ಅವನ ಕೆಂಪು ಕುಸುಬೆಯದು, ನೀಲಿ ತ್ಸುಯುಕುಸಾ ಹೂವಿನದು. ಬೆಳಕು ತಾಗಿದರೆ ಕೆಂಪು ಮಾಸುತ್ತದೆ. ಆ ನೀಲಿಯಂತೂ ತೇವ ಬಿದ್ದರೂ ಸಾಕು, ಕಂದುಹಳದಿಗೆ ತಿರುಗುತ್ತದೆ. ‘ಹೊಸದರಂತಿದೆ’ ಎಂದು ಮಾರುವವನು ಬೀಗಿದರೆ ಜೇಬು ಮುಚ್ಚಿಕೊಳ್ಳಿ. ಚಹಾದಲ್ಲಿ ಅದ್ದಿ ಮುಪ್ಪು ಬರಿಸುವ ಖದೀಮರೂ ಇದ್ದಾರೆ: ಎರಡೂ ಬದಿ ಒಂದೇ ಸಮ ಕಂದಾಗಿದ್ದರೆ ಅನುಮಾನಿಸಿ.

ಇಷ್ಟೆಲ್ಲ ದಾಟಿದರೂ ಬೀಗಬೇಡಿ. ಮೇಜಿ ಕಾಲದಲ್ಲಿ (1868–1912) ಹೊಸದಾಗಿ ಕೆತ್ತಿ, ಜಪಾನೀ ಕಾಗದದ ಮೇಲೆ ಕೈಯಲ್ಲೇ ಅಚ್ಚು ಹಾಕಿದ ನಕಲುಗಳು ಮೇಲಿನ ಅರ್ಧ ಪರೀಕ್ಷೆಗಳನ್ನು ಸಲೀಸಾಗಿ ಪಾಸಾಗುತ್ತವೆ. ಅವುಗಳ ಗುಟ್ಟು ಹಣೆಯಂಚಿನ ಕೂದಲಲ್ಲಿದೆ. ಮಿಲಿಮೀಟರಿಗಿಂತ ಸಣ್ಣ ಎಳೆಗಳಲ್ಲೇ ಕೆತ್ತನೆಗಾರನ ಕೈ ಗೊತ್ತಾಗುವುದು. ಮ್ಯೂಸಿಯಂ ಪ್ರತಿಯ ದೊಡ್ಡ ಫೋಟೊ ಪಕ್ಕದಲ್ಲಿಟ್ಟು ಎಳೆ ಎಣಿಸಿ, ಗೆರೆ ಎಲ್ಲಿ ಮುರಿದಿದೆ ನೋಡಿ. ಎಳೆಗಳ ಸಂಖ್ಯೆಯೇ ಬೇರೆಯಾದರೆ ಹಲಗೆಯೂ ಬೇರೆ. ಹಲಗೆ ಸವೆದು ಹೆಚ್ಚುವರಿ ಬಿರುಕು ಮೂಡೀತು. ಇದ್ದ ಬಿರುಕು ಕೂಡಿಕೊಳ್ಳುವುದಿಲ್ಲ.

ಪ್ರಶ್ನೆ: ಅಶ್ಲೀಲತೆಗಾಗಿ ಉತಮಾರೊನಿಗೆ ಶಿಕ್ಷೆಯಾಯಿತಂತೆ?

ಇಲ್ಲ. 1804ರಲ್ಲಿ ಕೈಕೋಳ ಬಿದ್ದದ್ದು ಹಿದೆಯೋಶಿ ಎಂಬ ಹಳೆಯ ಆಳರಸನನ್ನು ನಿಷೇಧ ಮೀರಿ ಚಿತ್ರಿಸಿದ್ದಕ್ಕೆ.

ಪ್ರಶ್ನೆ: ಬಿಜಿನ್-ಗಾ ಎಂದರೆ ಶುಂಗಾ ತಾನೆ?

ಅಲ್ಲ. ಮೊದಲನೆಯದು ಸುಂದರಿಯರ ಚಿತ್ರ, ಎರಡನೆಯದು ಸಂಭೋಗದ್ದು; ಉತಮಾರೊ ಎರಡನ್ನೂ ಬರೆದ.

ಪ್ರಶ್ನೆ: ಕಲೆ ತೆಗೆಯಲು ನಿಂಬೆರಸ, ಬ್ಲೀಚ್? ಆಮೇಲೆ ಲ್ಯಾಮಿನೇಟ್ ಮಾಡಿಸಲೇ?

ಖಂಡಿತ ಬೇಡ, ಮೂರೂ ಬೇಡ. ಹತ್ತಿ ಬಟ್ಟೆಯಿಂದ ಒರೆಸುವುದೂ ಬೇಡ.