ಆಕ್ಸಿಡೆಂಟ್ ಆಗಿ ಹಿತ್ತಲದಾಗ ಬಿದ್ದಿರೋ 1984ರ ಬಜಾಜ್ ಚೇತಕ್ ಸ್ಕೂಟರ್ ಮನೇಲೇ ರೆಡಿ ಮಾಡಬಹುದಾ, ಎಲ್ಲಿಂದ ಶುರು ಮಾಡ್ಬೇಕು?

ಮಾಡಬಹುದ್ರಿ, ಖಂಡಿತ ಮಾಡಬಹುದು. ನೀವು ಬರೆದಿದ್ದು ಓದಿದೆ: ತೀರಿಹೋದ ತಂದೆಯವರ ಗಾಡಿ, ಕೊಪ್ಪಳದಾಗ ತಗೊಂಡಿದ್ದು, ಮುಂದ ಹೊಡ್ಸಿಕೊಂಡು ಹ್ಯಾಂಡಲ್ ವಾರೆ ಆಗೈತಿ, ಎಂಜಿನ್ ಜಾಮ್ ಆಗಿ ಕಿಕ್ ಇಳಿಯಂಗಿಲ್ಲ, ಮೆಕ್ಯಾನಿಕ್ ಒಬ್ರು ಗುಜರಿಗೆ ಹಾಕ್ರಿ ಅಂದಾರ. ಇಷ್ಟಕ್ಕೆ ಗುಜರಿಗೆ ಹಾಕ್ಬ್ಯಾಡ್ರಿ. ನಾನು ಬಳ್ಳಾರಿಯಾಗ ನಮ್ಮ ಮಾವನ ಚೇತಕ್‌ನ ಮನಿ ಅಂಗಳದಾಗ ಇಟ್ಕೊಂಡೇ ರೆಡಿ ಮಾಡೀನಿ, ಈಗ ದಿನಾ ಓಡ್ಸ್ತೀನಿ, ಆ ಅನುಭವದ ಮ್ಯಾಲೆ ಹೇಳ್ತೀನಿ.

ಎಲ್ಲಾರೂ ಮೊದ್ಲು ಎಂಜಿನ್ ಬಿಚ್ತಾರ, ಇಲ್ಲಾಂದ್ರ ಯಾವ ಕಲರ್ ಹೊಡಿಸ್ಬೇಕು ಅಂತ ಯೋಚ್ನೆ ಮಾಡ್ತಾರ. ನೀವು ಮೊದ್ಲು ಗಾಡಿನ ಹಳೇ ಹಾಸಿಗಿ ಮ್ಯಾಲೆ ಒಂದು ಮಗ್ಗುಲಕ್ಕ ಮಲಗಿಸಿ ಕಾಲಿಡೋ ಫ್ಲೋರ್ ಕೆಳಗ ನೋಡ್ರಿ. ಯಾಕಂದ್ರ ಚೇತಕ್‌ಗೆ ಬೈಕ್ ತರ ಬ್ಯಾರೆ ಚಾಸಿಸ್, ಅಂದ್ರ ಗಾಡಿ ಹೊರೋ ಕಬ್ಬಿಣದ ಚೌಕಟ್ಟು, ಅನ್ನೋದೇ ಇಲ್ಲ. ಇಟಲಿಯ ವೆಸ್ಪಾ ಸ್ಪ್ರಿಂಟ್ ಮಾದರಿ ಮ್ಯಾಲೆ 1972ರಾಗ ಬಂದ ಗಾಡಿ ಇದು, ಒತ್ತಿ ಮಾಡಿದ ತಗಡಿನ ಬಾಡಿನೇ ಅದರ ಬೆನ್ನೆಲುಬು, ಎಂಜಿನ್, ಫೋರ್ಕ್ (ಹ್ಯಾಂಡಲ್‌ನಿಂದ ಮುಂದಿನ ಗಾಲಿಗೆ ಇಳಿಯೋ ಪೈಪ್), ಸೀಟು ಎಲ್ಲಾ ಅದಕ್ಕೇ ತಗುಲಿಕೊಂಡಿರ್ತಾವ. ಹಂಗಾಗಿ ಫ್ಲೋರ್ ತುಕ್ಕು ಹಿಡಿದ್ರ ಅದು ಬರೀ ಅಂದಚೆಂದದ ವಿಷಯ ಅಲ್ಲ, ಗಾಡಿ ನಡುವಿನಾಗ ಮುರಿಯೋ ವಿಷಯ. ನಮ್ಮ ಕಡೆ ಹವಾ ಒಣ, ಮ್ಯಾಲಿನ ತಗಡು ಕರಾವಳಿ ಗಾಡಿಗಳಂಗ ಕೊಳೆಯಂಗಿಲ್ಲ, ಆದ್ರ ಫ್ಲೋರ್ ಕೆಳಗ ಅಡ್ಡಪಟ್ಟಿ ಇರೋ ಜಾಗದಾಗ ಕೆಂಪು ಧೂಳು ತುಂಬ್ಕೊಂಡು ಮಳಿ ನೀರು ಹಿಡ್ಕೊಂತೈತಿ, ಅಲ್ಲಿಂದಾನೇ ಒಳಗೊಳಗೆ ತಿಂದಿರ್ತೈತಿ. ಸ್ಕ್ರೂಡ್ರೈವರ್ ತುದಿಯಿಂದ ಜೋರಾಗಿ ಕುಟ್ಟಿ ನೋಡ್ರಿ, ಠಣ್ ಅಂದ್ರ ಗಟ್ಟಿ, ಬುಸ್ ಅಂತ ಒಳಗೋದ್ರ ಅಷ್ಟು ಭಾಗ ಕತ್ತರಿಸಿ 18 ಗೇಜ್ (ಸುಮಾರು 1.2 ಮಿ.ಮೀ. ದಪ್ಪ) ಶೀಟ್ ಹಾಕ್ಸಬೇಕು. ತೂತಿನ ಮ್ಯಾಲೆ ಪುಟ್ಟಿ ಬಳಿದು ಪೇಂಟ್ ಹೊಡ್ದು ಕೊಡ್ತೀವಿ ಅನ್ನೋರ ಹತ್ರ ಗಾಡಿ ಬಿಡ್ಲೇಬ್ಯಾಡ್ರಿ. ವೆಲ್ಡಿಂಗ್‌ಗೆ ನಮ್ಮ ಭಾಗದಾಗ ಬರ ಇಲ್ಲ, ತೋರಣಗಲ್, ಗಿಣಿಗೇರಿ ಸುತ್ತ ಫ್ಯಾಕ್ಟರಿ ಕೆಲಸ ಮಾಡಿದ ಒಳ್ಳೊಳ್ಳೆ ವೆಲ್ಡರ್‌ಗಳು ಅದಾರ, ತೆಳು ತಗಡಿಗೆ ಕೈ ಕೂತಿರೋರ್ನ ಹುಡುಕ್ರಿ ಅಷ್ಟೇ, ದಪ್ಪ ಕಬ್ಬಿಣದವರು ಹಿಡಿದ್ರ ತಗಡು ಸುಟ್ಟು ತೂತು ದೊಡ್ಡದಾಗ್ತೈತಿ. ಮತ್ತ ಎಂಜಿನ್ ಇಳಿಸಿ, ಟ್ಯಾಂಕ್, ವೈರಿಂಗ್ ಎಲ್ಲಾ ತೆಗೆದ ಮ್ಯಾಲೇನೇ ವೆಲ್ಡಿಂಗ್, ಪೆಟ್ರೋಲ್ ಟ್ಯಾಂಕ್ ಇಟ್ಕೊಂಡು ಯಾರಿಗೂ ಕಿಡಿ ಹಾರ್ಸೋಕೆ ಬಿಡಬ್ಯಾಡ್ರಿ.

ಇನ್ನ ಮುಂದಿನ ಹೊಡ್ತ. ಹ್ಯಾಂಡಲ್ ವಾರೆ ಅಂದ್ರ ಎರಡು ಇರಬಹುದು, ಬರೀ ಫೋರ್ಕ್ ಬಾಗಿರಬಹುದು, ಇಲ್ಲಾ ಫೋರ್ಕ್ ಕೂತ್ಕೊಳ್ಳೋ ಬಾಡಿ ಕೊಳವೆನೇ ತಿರುಚಿರಬಹುದು. ಗೌಂಡಿಗಳು ಗ್ವಾಡಿಗೆ ದಾರ ಹಿಡಿತಾರಲ್ಲ, ಅಂಥ ದಾರ ಹಿಂದಿನ ಗಾಲಿಯಿಂದ ಮುಂದಿನ ಗಾಲಿವರೆಗೆ ಎರಡೂ ಕಡೆ ಎಳೆದು ನೋಡ್ರಿ. ಫೋರ್ಕ್ ಬಿಚ್ಚಿ ತೆಗೆದು ಒಂದು ನೇರ ಪೈಪ್ ಆ ಕೊಳವೆಯಾಗ ಇಳಿಸಿದ್ರ ಬಾಡಿ ನೆಟ್ಟಗೈತೋ ಇಲ್ಲೋ ಗೊತ್ತಾಗ್ತೈತಿ. ಬಾಡಿ ನೆಟ್ಟಗಿದ್ರ ನಿಮ್ಮ ಅದೃಷ್ಟ, ಬ್ಯಾರೆ ಫೋರ್ಕ್ ಹಾಕ್ಸಿದ್ರ ಮುಗೀತು. ಬಾಗಿದ ಫೋರ್ಕ್ ಬಿಸಿ ಮಾಡಿ ನೇರ ಮಾಡ್ತೀವಿ ಅಂತಾರ, ಒಪ್ಪಬ್ಯಾಡ್ರಿ, ಬಿಸಿ ತಿಂದ ಪೈಪ್ ಶಕ್ತಿ ಕಳ್ಕೊಂತೈತಿ, ಜೀವ ಅದರ ಮ್ಯಾಲೆ ಇರ್ತೈತಿ. ಫೋರ್ಕ್ ಹಳೇ ಸಾಮಾನಿನ ಅಂಗಡಿಯಾಗ ಸಿಗ್ತೈತಿ, ಇಲ್ಲಿ ಸಿಗ್ಲಿಲ್ಲ ಅಂದ್ರ ಬೆಂಗಳೂರಿನ ಜೆ.ಸಿ. ರೋಡ್. ಫೋರ್ಕ್ ತಿರುಗೋ ಜಾಗದಾಗ ಕೂಡೋ ಬೇರಿಂಗಿನ ಬಾಲ್ ಕಪ್‌ಗಳು ಮಾತ್ರ ಹೊಸಾವೇ ಹಾಕ್ರಿ.

ಗಾಲಿ ಬಿಚ್ಚುವಾಗ ಒಂದು ಮಾತು, ಇದನ್ನ ದಯವಿಟ್ಟು ನೆನಪಿಟ್ಕೋರಿ. ಚೇತಕ್ ರಿಮ್ ಎರಡು ಹೋಳು ಕೂಡಿಸಿ ನಟ್ ಹಾಕಿದ್ದು. ಡ್ರಮ್‌ಗೆ ಗಾಲಿ ಹಿಡಿಯೋ ನಟ್ ಬ್ಯಾರೆ, ಹೋಳು ಕೂಡಿಸೋ ನಟ್ ಬ್ಯಾರೆ. ಗಾಳಿ ತುಂಬಿದ ಟೈರ್ ಇದ್ದಾಗ ಹೋಳಿನ ನಟ್ ಬಿಚ್ಚಿದ್ರ ರಿಮ್ ಸಿಡಿದು ಮುಖಕ್ಕೆ ಬಡಿತೈತಿ. ಮೊದ್ಲು ವಾಲ್ವ್ ತೆಗೆದು ಪೂರಾ ಗಾಳಿ ಬಿಡ್ರಿ.

ಎಂಜಿನ್ ಬಗ್ಗೆ ಹೆದರಬ್ಯಾಡ್ರಿ, ಇದು ಇಡೀ ಗಾಡಿಯಾಗ ಸುಲಭದ ಭಾಗ ಅಂತೀನಿ. 57 ಮಿ.ಮೀ. ಬೋರ್ (ಪಿಸ್ಟನ್ ಓಡಾಡೋ ಕೊಳವೆ ಅಗಲ), 57 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡಾಡೋ ಉದ್ದ), 145 ಸಿಸಿ, ಟೂ ಸ್ಟ್ರೋಕ್, ಈಗಿನ ಬೈಕ್‌ಗಳಂಗ ಹೆಡ್‌ನಾಗ ವಾಲ್ವ್ ಇಲ್ಲ ಕ್ಯಾಮ್ ಇಲ್ಲ. ಜಾಮ್ ಆಗಿದ್ರ ಕಿಕ್ ಮ್ಯಾಲೆ ನಿಂತು ಕುಣಿಯಬ್ಯಾಡ್ರಿ, ಕಿಕ್ ಗೇರಿನ ಹಲ್ಲು ಹೋಗ್ತೈತಿ. ಪ್ಲಗ್ ತೆಗೆದು ಡೀಸೆಲ್ ಮತ್ತ ಟೂಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿ ಪೆಟ್ರೋಲ್‌ಗೆ ಬೆರೆಸೋ 2T ಎಣ್ಣಿ) ಕೂಡಿಸಿ ಸುರಿದು ಕೆಲವು ದಿನ ಬಿಡ್ರಿ, ಆಮ್ಯಾಲೆ ಟಾಪ್ ಗೇರ್ ಹಾಕಿ ಹಿಂದಿನ ಗಾಲಿ ಹಿಡ್ಕೊಂಡು ಹಿಂದ ಮುಂದ ಮೆಲ್ಲಗೆ ಅಲ್ಲಾಡ್ಸ್ರಿ. ಬಿಟ್ಕೊಂಡ್ರೂ ಹೆಡ್ ತೆಗೆದು ಬೋರ್ ನೋಡ್ಲೇಬೇಕು, ಗೀರು ಬಿದ್ದಿದ್ರ ಲೇತ್‌ನಾಗ ಬೋರ್ ಮಾಡ್ಸಿ ಓವರ್‌ಸೈಜ್ ಪಿಸ್ಟನ್ ಹಾಕ್ಸೋದು. ಎಂಜಿನ್ ಹೆಂಗೂ ಬಿಚ್ಚಿರ್ತೀರಿ, ಕ್ರ್ಯಾಂಕಿನ (ಪಿಸ್ಟನ್ ತಿರುಗಿಸೋ ದಂಡದ) ಎರಡೂ ಕಡೆ ಇರೋ ರಬ್ಬರ್ ಆಯಿಲ್ ಸೀಲ್ ಬದಲಿಸಿಬಿಡ್ರಿ, ನಿಂತ ಗಾಡಿಯಾಗ ರಬ್ಬರ್ ಕಲ್ಲಾಗಿರ್ತೈತಿ. ಕ್ಲಚ್ ಕಡೆ ಸೀಲ್ ಹೋದ್ರ ಗೇರ್ ಆಯಿಲ್ ಎಳ್ಕೊಂಡು ದಟ್ಟ ಹೊಗೆ ಬಿಡ್ತೈತಿ, ಮ್ಯಾಗ್ನೆಟ್ (ಕರೆಂಟ್ ಹುಟ್ಟಿಸೋ ಚಕ್ರ) ಕಡೆದು ಹೋದ್ರ ಗಾಳಿ ಎಳ್ಕೊಂಡು ಎಂಜಿನ್ ಕಾದು ಮತ್ತ ಜಾಮ್. ಮ್ಯಾಗ್ನೆಟ್ ತೆಗಿಯಾಕ ಪುಲ್ಲರ್ ಅನ್ನೋ ಎಳೆಯೋ ಸಾಧನ ಬೇಕು, ಸುತ್ತಿಗೆ ಬ್ಯಾಡ.

ಟ್ಯಾಂಕಿನ ತುಕ್ಕಿಗೆ ಕಿರಾಣಿ ಅಂಗಡಿ ನಿಂಬೆ ಉಪ್ಪು ಸಾಕು, ಬಿಸಿ ನೀರಿನಾಗ ಕರಗಿಸಿ ತುಂಬಿ ಒಂದು ರಾತ್ರಿ ಬಿಟ್ಟು, ಅಡುಗೆ ಸೋಡಾ ನೀರಿಂದ ತೊಳೆದು ತಕ್ಷಣ ಒಣಗಿಸಿ ಒಳಗ ಟೂಟಿ ಆಯಿಲ್ ಆಡ್ಸ್ರಿ. ಈಗಿನ ಪೆಟ್ರೋಲ್‌ನಾಗ 20 ಪರ್ಸೆಂಟ್ ಎಥನಾಲ್ ಇರ್ತೈತಿ, ಅದು ಹಳೇ ರಬ್ಬರ್ ಪೈಪು, ವಾಷರ್ ತಿಂತೈತಿ, ನೀರೂ ಹೀರ್ಕೊಂತೈತಿ, ಹಂಗಾಗಿ ಪೈಪ್ ಹೊಸದು ಹಾಕಿ, ತಿಂಗಳುಗಟ್ಟಲೆ ಪೆಟ್ರೋಲ್ ತುಂಬಿ ಇಡಬ್ಯಾಡ್ರಿ. ಲೀಟರ್ ಪೆಟ್ರೋಲ್‌ಗೆ 20 ಮಿಲಿ ಟೂಟಿ ಆಯಿಲ್ ಕೂಡಿಸ್ರಿ.

ಪೇಂಟ್ ಕಡೆಗೆ. ಏಪ್ರಿಲ್ ಮೇ ಬಿಸಿಲಿನಾಗ ಮಾತ್ರ ಹೊಡಿಸಬ್ಯಾಡ್ರಿ, ನಮ್ಮ ಬಿಸಿಲಿಗೆ ಪೇಂಟ್ ಗನ್‌ನಿಂದ ತಗಡಿಗೆ ಮುಟ್ಟೋದ್ರಾಗ ಅರ್ಧ ಒಣಗಿ ಕಿತ್ತಳೆ ಸಿಪ್ಪಿ ತರ ಆಗ್ತೈತಿ, ಧೂಳು ಬ್ಯಾರೆ. ಚಳಿಗಾಲದಾಗ, ನೆಲಕ್ಕ ನೀರು ಹೊಡ್ದು ಬೆಳಿಗ್ಗೆ ಹೊಡಿಸ್ರಿ.

ಇಷ್ಟೆಲ್ಲಾ ಖರ್ಚು ಮಾಡೋಕಿಂತ ಮುಂಚೆ ಕಾಗದ ನೋಡ್ರಿ. ಕೊಪ್ಪಳ ಜಿಲ್ಲೆ ಆಗಿದ್ದೇ 1997ರಾಗ, 1984ರಾಗ ಅದು ರಾಯಚೂರು ಜಿಲ್ಲೆ, ಹಂಗಾಗಿ ನಿಮ್ಮ ಗಾಡಿ ದಾಖಲೆ ರಾಯಚೂರು ಆರ್‌ಟಿಓನಾಗ ಇರಬಹುದು, ಕಂಪ್ಯೂಟರ್‌ಗೆ ಏರಿದೆಯಾ ಅಂತ ಮೊದ್ಲು ವಿಚಾರಿಸ್ರಿ, ಇಲ್ಲಾಂದ್ರ ಹಳೇ ಆರ್‌ಸಿ ತೋರ್ಸಿ ಏರ್ಸಬೇಕು. ತಂದೆಯವರ ಹೆಸರಿಂದ ನಿಮ್ಮ ಹೆಸರಿಗೆ ಫಾರ್ಮ್ 31, ಆರ್‌ಸಿ ರಿನೀವಲ್‌ಗೆ ಫಾರ್ಮ್ 25, ಪಾಸ್ ಆದ್ರ 5 ವರ್ಷಕ್ಕೆ ಕೊಡ್ತಾರ, ಗ್ರೀನ್ ಟ್ಯಾಕ್ಸ್, ತಡದ ದಂಡ ಎಷ್ಟಾಗ್ತೈತಿ ಅಂತಾನೂ ಅಲ್ಲೇ ಕೇಳ್ರಿ. ವಿಂಟೇಜ್ ಅಂತ ಮಾಡ್ಸಿಕೊಡ್ತೀನಿ ಅಂತ ಏಜೆಂಟ್ ಯಾರಾದ್ರೂ ಬಂದ್ರ ಕೇಳಬ್ಯಾಡ್ರಿ, ಅದಕ್ಕ 50 ವರ್ಷ ದಾಟಿರಬೇಕು, ಆ ನಂಬರ್ ಗಾಡಿನ ದಿನಾ ಓಡ್ಸಂಗೂ ಇಲ್ಲ. ಮತ್ತ ಬಾಡಿ ಮ್ಯಾಲೆ ಕೊರೆದ ಚಾಸಿಸ್ ನಂಬರ್ ಎಲ್ಲೈತಿ ಅಂತ ಹುಡುಕಿ, ಫೋಟೋ ತಗೊಂಡು, ಅದರ ಮ್ಯಾಲೆ ಟೇಪ್ ಹಚ್ಚಿ ಟಿಂಕರಿಂಗ್‌ನವರಿಗೆ ಇಲ್ಲಿ ಗ್ರೈಂಡರ್ ಮುಟ್ಟಿಸಬ್ಯಾಡ್ರಿ ಅಂತ ಹೇಳ್ರಿ, ಆ ನಂಬರ್ ಅಳಿಸಿಹೋದ್ರ ಎಷ್ಟೇ ಚಂದ ಗಾಡಿ ಮಾಡಿದ್ರೂ ರೋಡಿಗೆ ಇಳ್ಸೋದು ಬಾಳ ಕಷ್ಟ.

ಫ್ಲೋರ್ ಕೆಳಗಿಂದು, ಫೋರ್ಕ್ ಕೊಳವೆದು ಎರಡು ಫೋಟೋ ಕಾಮೆಂಟ್‌ನಾಗ ಹಾಕ್ರಿ, ಎಷ್ಟು ತಗಡು ಕತ್ತರಿಸಬೇಕಾಗ್ತೈತಿ ಅಂತ ನೋಡಿ ಹೇಳ್ತೀನಿ.